ಗನಾಡೋದ ಉದ್ರಿ ಪುಸ್ತಕ

ಹಳ್ಳಿಯ ಅಂಗಡಿಯೊಂದರ ಚರಿತ್ರೆ ಬೇಕೆಂದರೆ ಮೊದಲು ಹುಡುಕಬೇಕಾದದ್ದು ಅದರ ಉದ್ರಿ ಪುಸ್ತಕವನ್ನು. ಯಾವ ವರ್ಷ ಮಳೆ ಕೈಕೊಟ್ಟಿತು, ಯಾರ ಮನೆಯಲ್ಲಿ ಮದುವೆಯಾಯಿತು, ಯಾರ ಮನೆಗೆ ಬಾಣಂತನಕ್ಕೆ ಮಗಳು ಬಂದಳು, ಯಾರು ಊರು ಬಿಟ್ಟರು ಎಂಬುದೆಲ್ಲ ಅದರಲ್ಲಿ ಬೆಲ್ಲ, ಒಣಶುಂಠಿ, ಸೀಮೆಎಣ್ಣೆಗಳ ಲೆಕ್ಕವಾಗಿ ಕೂತಿರುತ್ತದೆ. ನಮ್ಮ ಕಡೆ ಬಾಕಿ ತೀರಿದ ಮೇಲೆ ಆ ಪುಸ್ತಕಕ್ಕೆ ಬೆಲೆಯಿಲ್ಲ; ಹಾಳೆ ಹರಿದು ಕಡಲೆಬೀಜ ಕಟ್ಟಿಕೊಡುತ್ತಾರೆ. ಊರಿನ ಎಷ್ಟು ಸಂಗತಿಗಳು ಹಾಗೆ ಪೊಟ್ಟಣವಾಗಿ ಹೋದವೋ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಅದಕ್ಕೇ ಇರಬೇಕು, ಅಮೆರಿಕದ ಅರಿಜೋನಾ ರಾಜ್ಯದ ಗನಾಡೋ ಎಂಬ ಊರಿನ ಅಂಗಡಿಯ ಕಥೆ ನನಗೆ ಇಷ್ಟು ಹಿಡಿಸಿರುವುದು. ಹಬೆಲ್ ಟ್ರೇಡಿಂಗ್ ಪೋಸ್ಟ್ ಎಂಬ ಆ ಅಂಗಡಿಯ ಲೆಕ್ಕಪತ್ರ, ಕಾಗದ, ರಸೀತಿಗಳನ್ನು ಟೂಸಾನ್ ನಗರದಲ್ಲಿರುವ ಅರಿಜೋನಾ ವಿಶ್ವವಿದ್ಯಾಲಯದ ಗ್ರಂಥಾಲಯ ಪೆಟ್ಟಿಗೆಗಟ್ಟಲೆ ಜೋಪಾನ ಮಾಡಿದೆ. ಅಂಗಡಿಯೂ ಹೋಗಿಲ್ಲ. 1878ರಿಂದ ನಡೆದುಬಂದ ವ್ಯಾಪಾರ ಇಂದು ರಾಷ್ಟ್ರೀಯ ಸ್ಮಾರಕದ ಆಶ್ರಯದಲ್ಲಿ ಮುಂದುವರಿದಿದೆ.

ಗನಾಡೋಕ್ಕೆ ಹೋಗುವ ಮುಂಚೆ ಗಡಿನಾಡಿನ ಅಂಗಡಿ ಅಂದರೆ ಏನು ಅನ್ನುವುದನ್ನು ಸ್ವಲ್ಪ ಮಾತಾಡೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಅಮೆರಿಕದ ಜನ ಪಶ್ಚಿಮಕ್ಕೆ ಸರಿಯುತ್ತ ಹೋದಂತೆ, ನಾಲ್ಕು ಮನೆ ಎದ್ದ ಕಡೆ ಐದನೆಯದಾಗಿ ಏಳುತ್ತಿದ್ದದ್ದು ಅಂಗಡಿ. ಮೊಳೆ, ಉಪ್ಪು, ಬಟ್ಟೆ, ಮದ್ದುಗುಂಡು, ಕಾಕಂಬಿ, ಔಷಧಿ ಎಲ್ಲವೂ ಒಂದೇ ಸೂರಿನಡಿ. ಎಷ್ಟೋ ಕಡೆ ಅಂಚೆಮನೆಯೂ ಅದೇ. ಚಳಿಗಾಲದಲ್ಲಿ ಒಲೆಯ ಸುತ್ತ ಊರಿನ ಗಂಡಸರೆಲ್ಲ ಸೇರುತ್ತಿದ್ದ ಜಾಗವೂ ಅದೇ. ಇಲ್ಲದ್ದು ಒಂದೇ, ನಗದು. ರೈತನ ಕೈಗೆ ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಹಣ ಬರುತ್ತಿತ್ತು, ಊಟ ಮಾತ್ರ ದಿನಾ ಬೇಕಿತ್ತು. ಆದ್ದರಿಂದ ಅಂಗಡಿಯವನು ಉದ್ರಿ ಕೊಡಲೇಬೇಕು. ಅವನಿಗೆ ಪಟ್ಟಣದ ಸಗಟು ವ್ಯಾಪಾರಿ ಉದ್ರಿ ಕೊಡಬೇಕು. ಆ ಸಗಟು ವ್ಯಾಪಾರಿಗೆ ಇನ್ನೊಬ್ಬ ದೊಡ್ಡ ಸಾಹುಕಾರ. ಕಾಡಿನಂಚಿನ ಒಂದು ಹಿಡಿ ಉಪ್ಪಿಗೂ ಅಟ್ಲಾಂಟಿಕ್ ತೀರದ ಬ್ಯಾಂಕಿಗೂ ಹೀಗೆ ಸಾಲದ ಕೊಂಡಿ ಇತ್ತು.

ಆ ಕೊಂಡಿ ಕಳಚಿದರೆ ಏನಾಗುತ್ತದೆ ಅನ್ನುವುದಕ್ಕೆ ಅಬ್ರಹಾಂ ಲಿಂಕನ್ನನೇ ಸಾಕ್ಷಿ. ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಹಳ್ಳಿಯಲ್ಲಿ ಆತ ವಿಲಿಯಂ ಬೆರಿ ಎಂಬ ಗೆಳೆಯನ ಜೊತೆ ಅಂಗಡಿ ಇಟ್ಟ. ಸರಕು ಕೊಂಡದ್ದು ನಗದಿನಿಂದಲ್ಲ, ಸಾಲಪತ್ರ ಬರೆದುಕೊಟ್ಟು. ಅಂಗಡಿ ನಡೆಯಲಿಲ್ಲ. 1835ರಲ್ಲಿ ಬೆರಿ ತೀರಿಕೊಂಡ. ಸುಮಾರು 1,100 ಡಾಲರಿನ ಹೊರೆ ಲಿಂಕನ್ನನ ತಲೆಯ ಮೇಲೆ ಬಿತ್ತು. ಊರು ಬಿಟ್ಟು ಓಡಿಹೋಗುವುದು ಆ ಕಾಲದಲ್ಲಿ ಕಷ್ಟವೇನಾಗಿರಲಿಲ್ಲ, ಪಶ್ಚಿಮಕ್ಕೆ ದಾರಿ ತೆರೆದೇ ಇತ್ತು. ಲಿಂಕನ್ ಓಡಲಿಲ್ಲ. ಅಂಚೆ ಹಂಚಿದ, ಜಮೀನು ಅಳೆದ, ವಕೀಲನಾದ, ವರ್ಷಗಟ್ಟಲೆ ಅಷ್ಟಷ್ಟೇ ತೀರಿಸಿದ. ನ್ಯೂ ಸೇಲಂ ಕೆಲವೇ ವರ್ಷಗಳಲ್ಲಿ ಜನವಿಲ್ಲದೆ ಹಾಳುಬಿತ್ತು. ಊರೇ ಇಲ್ಲವಾದ ಮೇಲೂ ಊರಿನ ಅಂಗಡಿಯ ಬಾಕಿಯನ್ನು ಒಬ್ಬ ಮನುಷ್ಯ ತೀರಿಸುತ್ತಲೇ ಇದ್ದ ಅನ್ನುವುದು ಆತನ ಎಷ್ಟೋ ಭಾಷಣಗಳಿಗಿಂತ ನನಗೆ ದೊಡ್ಡದಾಗಿ ಕಾಣುತ್ತದೆ.

ನ್ಯೂ ಸೇಲಂನಲ್ಲಿ ಅಂಗಡಿಯವನೂ ಗಿರಾಕಿಯೂ ಒಂದೇ ಕಡೆಯ ಜನ. ಗನಾಡೋದಲ್ಲಿ ಹಾಗಲ್ಲ. ಅಲ್ಲಿ ಗಲ್ಲಾಪೆಟ್ಟಿಗೆಯ ಈಚೆ ನಿಂತು ಕೊಳ್ಳುತ್ತಿದ್ದವರು, ತಮ್ಮನ್ನು ದಿನೆ ಎಂದು ಕರೆದುಕೊಳ್ಳುವ ನವಾಹೊ ಜನ. ಹಬೆಲ್ ಅಂಗಡಿ ಶುರುವಾಗುವುದಕ್ಕೆ ಹದಿನಾಲ್ಕು ವರ್ಷ ಹಿಂದೆ, 1864ರಲ್ಲಿ, ಅಮೆರಿಕದ ಸೈನ್ಯ ಅವರ ಜೋಳದ ಹೊಲಗಳನ್ನು ಸುಟ್ಟು, ಕುರಿಗಳನ್ನು ಕೊಂದು, ಎಂಟು ಸಾವಿರಕ್ಕೂ ಹೆಚ್ಚು ಜನರನ್ನು ತಂಡತಂಡವಾಗಿ ನೂರಾರು ಮೈಲಿ ನಡೆಸಿಕೊಂಡು ಹೋಗಿ ನ್ಯೂ ಮೆಕ್ಸಿಕೋದ ಫೋರ್ಟ್ ಸಮ್ನರ್ ಬಳಿ ಬಯಲಿನಲ್ಲಿ ಕೂಡಿಹಾಕಿತ್ತು. ದಾರಿಯಲ್ಲಿ ಸತ್ತವರೆಷ್ಟೋ, ಅಲ್ಲಿ ಉಪ್ಪುನೀರು ಕುಡಿದು ಸತ್ತವರೆಷ್ಟೋ. 1868ರ ಜೂನ್ 1ರಂದು ಒಪ್ಪಂದವಾಗಿ ಅವರು ತಮ್ಮ ನೆಲಕ್ಕೆ ಮರಳಿದರು. ಬದುಕನ್ನು ಮತ್ತೆ ಕಟ್ಟಿಕೊಳ್ಳಲು ಸರ್ಕಾರ ಕುರಿಗಳನ್ನು ಹಂಚಿತು. ಕ್ಯಾನ್ಯನ್ ಡಿ ಶೇ ಎಂಬ ಕಣಿವೆಯಲ್ಲಿ ಅವರು ತಲೆತಲಾಂತರದಿಂದ ಬೆಳೆಸಿದ್ದ ಸಾವಿರಾರು ಪೀಚ್ ಮರಗಳನ್ನೂ ಸೈನಿಕರು ಕಡಿದಿದ್ದರು. ಈ ಪೀಚ್ ಹಣ್ಣಿನ ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂಥ ನೆಲಕ್ಕೆ ವ್ಯಾಪಾರಕ್ಕೆ ಬಂದವನು ಹ್ವಾನ್ ಲೊರೆಂಜೊ ಹಬೆಲ್. 1853ರಲ್ಲಿ ನ್ಯೂ ಮೆಕ್ಸಿಕೋದ ಪಹರೀಟೊದಲ್ಲಿ ಹುಟ್ಟಿದವನು. ತಂದೆ ಕನೆಕ್ಟಿಕಟ್ ಕಡೆಯಿಂದ ಬಂದವನು, ತಾಯಿ ಸ್ಪ್ಯಾನಿಷ್ ಮನೆತನದ ಹೆಣ್ಣುಮಗಳು. ಮನೆಯಲ್ಲೇ ಎರಡು ಭಾಷೆ ಕೇಳಿ ಬೆಳೆದವನಿಗೆ ನವಾಹೊ ಮಾತು ಕಲಿಯುವುದು ಭಾರವೆನಿಸಲಿಲ್ಲ. 1878ರಲ್ಲಿ ವಿಲಿಯಂ ಲೆನರ್ಡ್ ಎಂಬ ವ್ಯಾಪಾರಿಯಿಂದ ಈ ಅಂಗಡಿ ಕೊಂಡಾಗ ಆತನಿಗೆ ಇಪ್ಪತ್ತೈದರ ಹರೆಯ. ಗನಾಡೊ ಮೂಚೊ ಎಂಬ ನವಾಹೊ ಮುಖಂಡನ ಹೆಸರೇ ಊರಿನ ಹೆಸರಾಯಿತು. 1880ರಲ್ಲಿ ನವಾಹೊ ಜನರಿಗೆಂದು ಸರ್ಕಾರ ಗುರುತಿಸಿದ್ದ ಮೀಸಲು ಪ್ರದೇಶದ ಗಡಿ ಹಿಗ್ಗಿ ಅಂಗಡಿ ಅದರೊಳಗೆ ಸೇರಿಹೋಯಿತು. ಮೀಸಲು ಪ್ರದೇಶದಲ್ಲಿ ವ್ಯಾಪಾರ ಮಾಡಲು ಸರ್ಕಾರದ ಪರವಾನಗಿ ಬೇಕು, ನೆಲ ಮಾತ್ರ ವ್ಯಾಪಾರಿಯದಾಗುವಂತಿಲ್ಲ. ಹಬೆಲ್ ಅಂಗಡಿಯ ಸುತ್ತಲಿನ 160 ಎಕರೆ ತನ್ನ ಹೆಸರಿಗೇ ಉಳಿಯಬೇಕೆಂದು ವರ್ಷಗಟ್ಟಲೆ ಓಡಾಡಿ, ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನಿಂದಲೇ ವಿಶೇಷ ಅನುಮತಿ ತಂದ. ತಾನು ಬಂದು ಹೋಗುವವನಲ್ಲ ಎಂದು ಆತ ಆಗಲೇ ನಿಶ್ಚಯಿಸಿದ್ದ.

ಒಳಗೆ ಹೋದರೆ ನೆಲದ ಹಲಗೆ ಕಿರ್ರೆನ್ನುತ್ತದೆ. ಮೂರು ಕಡೆ ಎತ್ತರವಾದ, ಅಗಲವಾದ ಕೌಂಟರು. ನಡುವೆ ಗಿರಾಕಿಗಳು ನಿಲ್ಲುವ ಅಂಗಳ. ಆ ಅಂಗಳಕ್ಕೆ ಅಲ್ಲಿಯ ಜನ ಗೂಳಿದೊಡ್ಡಿ ಎನ್ನುತ್ತಿದ್ದರು. ಕೌಂಟರನ್ನು ಅಷ್ಟೆತ್ತರ ಕಟ್ಟಿದ್ದರಲ್ಲಿ ಹಳೆಯ ಭಯವೂ ಇದೆ, ಸರಕಿನ ಕಾವಲೂ ಇದೆ. ಗೋಡೆಯ ತುಂಬ ಹಲಗೆ, ಮಾಳಿಗೆಯ ತೊಲೆಯಿಂದ ಜೋತುಬಿದ್ದ ಲಗಾಮು, ಲಾಂದ್ರ, ಬಕೀಟು. ಕೊಳ್ಳಲು ಬಂದವರಿಗೆ ಅವಸರವೆಂಬುದಿಲ್ಲ. ದಿನಗಟ್ಟಲೆ ಗಾಡಿಯಲ್ಲೋ ಕುದುರೆಯ ಮೇಲೋ ಬಂದ ಸಂಸಾರ ಮೊದಲು ಒಲೆಯ ಹತ್ತಿರ ನಿಂತು ಮೈ ಕಾಯಿಸಿಕೊಳ್ಳಬೇಕು. ಬೆರಳು ಸೋಕಿದಷ್ಟೇ ಮೃದುವಾಗಿ ಕೈಕುಲುಕಬೇಕು. ಬಂಧುಬಳಗದ ಸುದ್ದಿ ಕೇಳಬೇಕು. ಅಂಗಡಿಯವನು ಪುಕ್ಕಟೆಯಾಗಿ ಇಟ್ಟ ಹೊಗೆಸೊಪ್ಪನ್ನು ಸುತ್ತಿ ಸೇದಬೇಕು. ಆಮೇಲೆ ವ್ಯಾಪಾರ. ಅದೂ ಒಂದೊಂದೇ ಸಾಮಾನು: ಹಿಟ್ಟು ಕೊಂಡು ಅದರ ಲೆಕ್ಕ ಮುಗಿಸಿ, ಉಳಿದದ್ದೆಷ್ಟು ಎಂದು ನೋಡಿಕೊಂಡು, ಯೋಚಿಸಿ, ಮುಂದಿನದು ಸಕ್ಕರೆ. ಈ ನಿಧಾನದಲ್ಲಿ ಒಂದು ಜಾಣತನವಿತ್ತು. ಓದು ಬರಹವಿಲ್ಲದ ಗಿರಾಕಿಗೆ ತನ್ನ ಲೆಕ್ಕ ಪ್ರತಿ ಹೆಜ್ಜೆಯಲ್ಲೂ ತನ್ನ ಕಣ್ಣಮುಂದೆಯೇ ಇರುತ್ತಿತ್ತು. ಕೊನೆಯಲ್ಲಿ ಒಟ್ಟು ಬರೆದು ಮೋಸ ಮಾಡಲು ಸಂದು ಸಿಗುತ್ತಿರಲಿಲ್ಲ.

ಗೋದಿಹಿಟ್ಟು ಮತ್ತು ಕಾಫಿಯ ರೂಢಿ ಅವರಿಗೆ ಹತ್ತಿದ್ದು ಫೋರ್ಟ್ ಸಮ್ನರಿನ ಸೆರೆಯ ರೇಷನ್ನಿನಿಂದ. ಸೆರೆ ಮುಗಿಯಿತು, ರೂಢಿ ಉಳಿಯಿತು. ಎಣ್ಣೆಯಲ್ಲಿ ಕರಿದ ಹಿಟ್ಟಿನ ರೊಟ್ಟಿ ಇವತ್ತಿಗೂ ಅವರ ಜಾತ್ರೆಗಳಲ್ಲಿ ತಪ್ಪುವುದಿಲ್ಲ. ಕಾಫಿಯ ಮಾತು ಬಂದರೆ ಆರ್ಬಕಲ್ಸ್ ಎಂಬ ಹೆಸರು ಹೇಳಲೇಬೇಕು. ಅಲ್ಲಿಯತನಕ ಅಂಗಡಿಗಳಲ್ಲಿ ಸಿಗುತ್ತಿದ್ದದ್ದು ಹಸಿ ಬೀಜ. ಮನೆಯಲ್ಲೇ ಬಾಣಲೆಯಲ್ಲಿ ಹುರಿದುಕೊಳ್ಳಬೇಕು. ಪಿಟ್ಸ್‌ಬರ್ಗಿನ ಜಾನ್ ಆರ್ಬಕಲ್ ಹುರಿದ ಬೀಜಕ್ಕೆ ಮೊಟ್ಟೆ ಮತ್ತು ಸಕ್ಕರೆಯ ಲೇಪ ಕೊಟ್ಟು ಘಮ ಹಾರದಂತೆ ಮಾಡುವ ವಿಧಾನಕ್ಕೆ 1868ರಲ್ಲಿ ಪೇಟೆಂಟ್ ಪಡೆದ. ಪೊಟ್ಟಣದೊಳಗೆ ಒಂದು ಪೆಪ್ಪರ್‌ಮೆಂಟ್ ಕಡ್ಡಿಯನ್ನೂ ಇಡುತ್ತಿದ್ದರು, ಮಕ್ಕಳಿಗೆ. ನೂರು ಪೊಟ್ಟಣ ತುಂಬಿ ಬರುತ್ತಿದ್ದ ಮರದ ಪೆಟ್ಟಿಗೆಯನ್ನು ಯಾರೂ ಬಿಸಾಡುತ್ತಿರಲಿಲ್ಲ. ಕೊಯ್ದ ಹಲಗೆ ಸುಲಭವಾಗಿ ಸಿಗದ ಆ ನಾಡಿನಲ್ಲಿ ಅದು ತೊಟ್ಟಿಲಾಯಿತು, ಕಪಾಟಾಯಿತು, ಬಾಗಿಲಾಯಿತು. ಡಬ್ಬಿಯ ಸರಕನ್ನು ಜನ ಅಕ್ಷರ ನೋಡಿ ಕೊಳ್ಳುತ್ತಿರಲಿಲ್ಲ, ಚಿತ್ರ ನೋಡಿ ಕೊಳ್ಳುತ್ತಿದ್ದರು. ಅದರಲ್ಲಿ ಎರಡು ಡಬ್ಬಿಗಳಿಗೆ ಎಲ್ಲಿಲ್ಲದ ಬೇಡಿಕೆ: ಒಂದು ಟೊಮೆಟೊ, ಇನ್ನೊಂದು ಸಕ್ಕರೆ ಪಾಕದ ಪೀಚ್. ತಮ್ಮ ಪೀಚ್ ತೋಪು ಕಡಿಸಿಕೊಂಡ ಜನರ ಮಕ್ಕಳು ಎಲ್ಲಿಯದೋ ತೋಟದ ಪೀಚ್ ಹಣ್ಣನ್ನು ಉಣ್ಣೆ ಕೊಟ್ಟು ಕೊಂಡರು. ಕಣಿವೆಯಲ್ಲಿ ಮರಗಳು ಮತ್ತೆ ಚಿಗುರಿದವು, ಜನ ಹೊಸ ಸಸಿಗಳನ್ನೂ ನೆಟ್ಟರು ಅನ್ನುವುದೂ ನಿಜ. ಆದರೂ ಆ ಡಬ್ಬಿಯ ಚಿತ್ರ ನನ್ನ ಮನಸ್ಸಿನಿಂದ ಹೋಗುವುದಿಲ್ಲ.

ಅಂಗಡಿಯ ವರ್ಷಕ್ಕೆ ಎರಡು ಸುಗ್ಗಿ. ವಸಂತದಲ್ಲಿ ಉಣ್ಣೆ ಕತ್ತರಿಸಿದಾಗ ಒಂದು, ಶರತ್ಕಾಲದಲ್ಲಿ ಕುರಿಮರಿ ಮಾರಿದಾಗ ಇನ್ನೊಂದು. ನಡುವಿನ ತಿಂಗಳುಗಳೆಲ್ಲ ಉದ್ರಿ. ವ್ಯಾಪಾರಿಗಳು ತಮ್ಮ ಅಂಗಡಿಯಲ್ಲಿ ಮಾತ್ರ ನಡೆಯುವ ತಗಡಿನ ಬಿಲ್ಲೆಗಳನ್ನೂ ಚಿಲ್ಲರೆಯಾಗಿ ಕೊಡುತ್ತಿದ್ದರು. ಉದ್ರಿಗೆ ಭದ್ರತೆ ಬೇಕಾದಾಗ ಬೆಳ್ಳಿ ಒಡವೆ ಗಿರವಿ. ಬೆಳ್ಳಿಬಿಲ್ಲೆಯ ನಡುಪಟ್ಟಿ, ನೀಲಿ ಟರ್ಕಾಯ್ಸ್ ಹರಳಿನ ಸರ, ಕಡಗ ಎಲ್ಲಕ್ಕೂ ಹೆಸರಿನ ಚೀಟಿ ಕಟ್ಟಿ ಒಳಕೋಣೆಯಲ್ಲಿ ತೂಗುಹಾಕುತ್ತಿದ್ದರು. ಮನೆಯಲ್ಲಿ ದೊಡ್ಡ ಪೂಜಾವಿಧಿ ನಡೆಯುವಾಗ ಒಡವೆಯಿಲ್ಲದೆ ಹೋಗುವುದು ಅವಮಾನ. ಅಂಥ ಹೊತ್ತಿಗೆ ಒಳ್ಳೆಯ ವ್ಯಾಪಾರಿ ಬಾಕಿ ಕೇಳದೆ ಒಡವೆ ಬಿಟ್ಟುಕೊಡುತ್ತಿದ್ದ, ಕೆಲಸ ಮುಗಿದ ಮೇಲೆ ಅದು ಮರಳಿ ಬರುತ್ತಿತ್ತು. ಕಾಗದವಿಲ್ಲದೆ ನಡೆಯುತ್ತಿದ್ದ ಈ ಮಾತಿನ ವ್ಯವಹಾರವೇ ಅಂಗಡಿಯ ನಿಜವಾದ ಬಂಡವಾಳ. ಕೆಟ್ಟ ವ್ಯಾಪಾರಿಗಳೂ ಇದ್ದರು. ಗಡುವು ಮೀರಿತೆಂದು ಅಜ್ಜಿಯ ಕಾಲದ ಒಡವೆಯನ್ನು ಪ್ರವಾಸಿಗೆ ಮಾರಿದವರಿದ್ದರು, ಬಡ್ಡಿ ಎಷ್ಟೆಂದು ಬಾಯಿಬಿಡದವರಿದ್ದರು. 1970ರ ದಶಕದ ಆರಂಭದಲ್ಲಿ ವ್ಯಾಪಾರದ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ನವಾಹೊ ನಾಡಿನಲ್ಲೇ ವಿಚಾರಣೆ ನಡೆಸಿದಾಗ ಇಂಥ ದೂರುಗಳೆಲ್ಲ ಬಯಲಿಗೆ ಬಂದವು, ನಿಯಮ ಬಿಗಿಯಾಯಿತು.

ಇನ್ನು ಜಮಖಾನ. ನವಾಹೊ ಹೆಂಗಸರು ಮೊದಲು ನೇಯುತ್ತಿದ್ದದ್ದು ಹೊದೆಯುವ ಕಂಬಳಿ. ಅದರ ಬಿಗಿ ನೇಯ್ಗೆಗೆ ದೂರದೂರದ ಬುಡಕಟ್ಟುಗಳಲ್ಲೂ ಹೆಸರಿತ್ತು. 1881ರಲ್ಲಿ ರೈಲು ಗ್ಯಾಲಪ್ ಊರಿಗೆ ಬಂತು. ಅಲ್ಲಿಂದ ಗನಾಡೋಕ್ಕೆ ಐವತ್ತು ಮೈಲಿಗೂ ಮಿಕ್ಕಿದ ಗಾಡಿದಾರಿ. ರೈಲಿನಲ್ಲಿ ಸರಕು ಬಂತು, ಜೊತೆಗೆ ಪೂರ್ವ ಪಟ್ಟಣಗಳ ರುಚಿಯೂ ಬಂತು. ಅಲ್ಲಿಯ ಸಿರಿವಂತರಿಗೆ ಹೊದೆಯಲು ಬೇಡ, ನೆಲಕ್ಕೆ ಹಾಸಲು ಬೇಕು. ಹಬೆಲ್ ಇದನ್ನು ಬೇಗ ಅರಿತ. ಗಿರಣಿಯ ಹತ್ತಿನೂಲಿನ ಹಾಸು ಬೇಡ, ಉಣ್ಣೆಯದೇ ಇರಲಿ, ನೇಯ್ಗೆ ಹಳೆಯ ಕಂಬಳಿಗಳಂತೆ ಗಟ್ಟಿಯಾಗಿರಲಿ ಎಂದು ಹಟ ಹಿಡಿದ. 1902ರಲ್ಲಿ ಬೆಲೆಪಟ್ಟಿ ಅಚ್ಚು ಹಾಕಿಸಿದ. ಸಾಂಟಾ ಫೆ ರೈಲುದಾರಿಯುದ್ದಕ್ಕೂ ಹೋಟೆಲು ನಡೆಸುತ್ತಿದ್ದ ಫ್ರೆಡ್ ಹಾರ್ವಿ ಕಂಪನಿ ಆತನ ದೊಡ್ಡ ಗಿರಾಕಿಯಾಯಿತು. ಕಡುಗೆಂಪು ನೆಲ, ಕಪ್ಪು ಬಿಳಿ ಬೂದು ವಿನ್ಯಾಸದ ಜಮಖಾನಕ್ಕೆ ಗನಾಡೋ ಕೆಂಪು ಎಂಬ ಹೆಸರೇ ನಿಂತಿತು.

ಇಲ್ಲಿ ಒಂದು ತಿರುವು ನೋಡಿ. ಕಂಬಳಿ ನೇಯ್ದವರು ಅದನ್ನು ಹೊದೆಯುವುದನ್ನೇ ಬಿಟ್ಟರು. ತಮ್ಮ ಕೈನೇಯ್ಗೆ ಅಂಗಡಿಗೆ ಕೊಟ್ಟು, ಅದೇ ಅಂಗಡಿಯಲ್ಲಿ ಆರಿಗನ್ ರಾಜ್ಯದ ಪೆಂಡಲ್ಟನ್ ಗಿರಣಿಯ ಬಣ್ಣದ ಕಂಬಳಿ ಕೊಂಡು ಹೊದ್ದರು. ಇದನ್ನು ಬರಿಯ ನಷ್ಟವೆಂದು ನಾನು ಹೇಳಲಾರೆ. ಪೆಂಡಲ್ಟನ್ ಕಂಬಳಿ ಈಗ ಅವರ ಮದುವೆಯ ಉಡುಗೊರೆ, ಮಕ್ಕಳು ಶಾಲೆ ಮುಗಿಸಿದಾಗ ಹೆಗಲಿಗೆ ಹಾಕುವ ಮರ್ಯಾದೆ. ಅಂಗಡಿಯಿಂದ ಬಂದದ್ದನ್ನು ಆ ಜನ ತಮ್ಮದು ಮಾಡಿಕೊಂಡರು.

ಹಬೆಲ್ ಎಂಥ ಮನುಷ್ಯ? ಇಷ್ಟು ವರ್ಷ ಕಳೆದ ಮೇಲೂ ಈ ಪ್ರಶ್ನೆ ನನ್ನನ್ನು ಕಾಡುತ್ತದೆ. ಸಿಡುಬು ಬಂದಾಗ ತನ್ನ ಮನೆಯನ್ನೇ ಆಸ್ಪತ್ರೆ ಮಾಡಿ ರೋಗಿಗಳ ಸೇವೆ ಮಾಡಿದೆನೆಂದು ಆತ ಮುಪ್ಪಿನಲ್ಲಿ ಹೇಳಿಕೊಂಡ. ಸರ್ಕಾರದ ಕಾಗದಗಳನ್ನು ಓದಿ ಹೇಳುತ್ತಿದ್ದ, ಜಗಳ ಬಿಡಿಸುತ್ತಿದ್ದ. ಮನೆಗೆ ಬಂದವರಿಗೆಲ್ಲ ಊಟ. 1913ರಲ್ಲಿ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್ವೆಲ್ಟನೂ ಅತಿಥಿಯಾಗಿ ಬಂದಿದ್ದ. ಅದೇ ಹೊತ್ತಿಗೆ ಆತ ದೊಡ್ಡ ವ್ಯಾಪಾರಿ, ಶೆರೀಫ್, ರಾಜ್ಯದ ಸೆನೆಟರ್. ತಂದೆ ಮಕ್ಕಳು ಸೇರಿ, ಬೇರೆ ಬೇರೆಯಾಗಿ, ಒಟ್ಟು 24 ಅಂಗಡಿಗಳನ್ನು ನಡೆಸಿದರು. ಆ ಸಂಪತ್ತು ಬಂದದ್ದು ಕುರಿ ಕಾಯ್ದವರ, ಮಗ್ಗದ ಮುಂದೆ ಕೂತವರ ದುಡಿಮೆಯಿಂದ. ಮೊದಮೊದಲು ಎಷ್ಟೋ ಕಡೆ ಕಂಬಳಿಯನ್ನು ತೂಕಕ್ಕೆ ಹಾಕಿ ಕೊಳ್ಳುತ್ತಿದ್ದರು. ಉಣ್ಣೆ ಕತ್ತರಿಸಿ, ಹಿಂಜಿ, ನೂತು, ಬಣ್ಣ ಹಾಕಿ, ತಿಂಗಳುಗಟ್ಟಲೆ ನೇಯ್ದದ್ದಕ್ಕೆ ಪೌಂಡಿನ ಲೆಕ್ಕ! ಹಬೆಲ್ ಕರುಣೆಯುಳ್ಳವನಾಗಿದ್ದ ಎಂಬುದನ್ನು ನಾನು ನಂಬುತ್ತೇನೆ. ಬೆಲೆ ಕಟ್ಟುವ ಅಧಿಕಾರ ಕೌಂಟರಿನ ಆ ಬದಿಯಲ್ಲೇ ಇತ್ತು ಎಂಬುದನ್ನೂ ಮರೆಯುವುದಿಲ್ಲ. 1930ರ ನವೆಂಬರಿನಲ್ಲಿ ಆತ ತೀರಿಕೊಂಡಾಗ ಅಂಗಡಿಯ ಹಿಂದಿನ ಗುಡ್ಡದ ಮೇಲೆ, ಹೆಂಡತಿ ಲೀನಾಳ ಪಕ್ಕ ಮಣ್ಣು ಮಾಡಿದರು. ಅದೇ ಗುಡ್ಡದಲ್ಲಿ ಆತನ ನವಾಹೊ ಗೆಳೆಯ ಮೆನಿ ಹಾರ್ಸಸ್‌ನ ಸಮಾಧಿಯೂ ಇದೆ.

ಅಮೆರಿಕದ ಉಳಿದ ಹಳ್ಳಿ ಅಂಗಡಿಗಳು ಅಷ್ಟರಲ್ಲಿ ಸೊರಗುತ್ತಿದ್ದವು. ಪೀಪಾಯಿಯಲ್ಲಿ ತುಂಬಿಟ್ಟು ಕೈಯಿಂದ ತೆಗೆದುಕೊಡುತ್ತಿದ್ದ ಬಿಸ್ಕತ್ತನ್ನು 1898ರಲ್ಲಿ ನ್ಯಾಷನಲ್ ಬಿಸ್ಕತ್ ಕಂಪನಿ ಕಾಗದದ ಪೊಟ್ಟಣದಲ್ಲಿ ಮುಚ್ಚಿ ಕಳಿಸಿತು. ಅಲ್ಲಿಗೆ ಅಳೆದು ಕೊಡುವ ಅಂಗಡಿಯವನ ಕೈಗೆ ಕೆಲಸ ಕಡಿಮೆಯಾಯಿತು. ಮಾಂಟ್ಗಮರಿ ವಾರ್ಡ್, ಸಿಯರ್ಸ್ ಕಂಪನಿಗಳ ದಪ್ಪ ಕ್ಯಾಟಲಾಗು ಮನೆಮನೆಗೆ ಬಂತು. 1913ರ ಜನವರಿ 1ರಿಂದ ಪಾರ್ಸೆಲ್ ಅಂಚೆ ಶುರುವಾಗಿ ಸರಕೇ ಬಾಗಿಲಿಗೆ ಬಂದು ಬಿತ್ತು. ಹಳ್ಳಿಯ ವ್ಯಾಪಾರಿಗಳು ಅದನ್ನು ಜೋರಾಗಿ ವಿರೋಧಿಸಿದ್ದರು. ಅವರ ಅಳಲು ನ್ಯಾಯವಾದದ್ದೇ. ಕ್ಯಾಟಲಾಗು ಅಗ್ಗಕ್ಕೆ ಕೊಡುತ್ತದೆ, ಬರಗಾಲದಲ್ಲಿ ಉದ್ರಿ ಕೊಡುವುದಿಲ್ಲ. ಆಮೇಲೆ ಮೋಟಾರು ಬಂತು, ಪೇಟೆ ಹತ್ತಿರವಾಯಿತು.

ಗನಾಡೋಕ್ಕೆ ಪೆಟ್ಟು ಬಿದ್ದದ್ದು ಬೇರೆ ಕಡೆಯಿಂದ. ಹುಲ್ಲುಗಾವಲು ಸವೆದು ಮಣ್ಣು ಕೊಚ್ಚಿಹೋಗುತ್ತಿದೆ, ಅದು ಕೊಲೊರಾಡೊ ನದಿಯ ಹೊಸ ಅಣೆಕಟ್ಟಿನಲ್ಲಿ ತುಂಬುತ್ತದೆ ಎಂದು 1930ರ ದಶಕದಲ್ಲಿ ಸರ್ಕಾರ ನವಾಹೊ ಜನರ ಕುರಿ ಮೇಕೆಗಳನ್ನು ಕಡ್ಡಾಯವಾಗಿ ತಗ್ಗಿಸಿತು. ಕೊಂಡೊಯ್ಯಲಾಗದ್ದನ್ನು ಎಷ್ಟೋ ಕಡೆ ಅಲ್ಲೇ ಕೊಂದು ಬಿಟ್ಟುಹೋದರು. ಆ ಹಿಂಡುಗಳಲ್ಲಿ ಬಹಳಷ್ಟು ಹೆಂಗಸರ ಸ್ವಂತ ಆಸ್ತಿ. ಉಣ್ಣೆ ಹೋಯಿತು, ಉದ್ರಿಯ ಆಧಾರ ಹೋಯಿತು. ಆದರೂ ಹಬೆಲ್‌ನ ಮಗ ರೋಮನ್ ಅಂಗಡಿ ನಡೆಸಿದ. 1957ರಲ್ಲಿ ಆತ ತೀರಿಕೊಂಡ ಮೇಲೆ ಹೆಂಡತಿ ಡೊರೊತಿ ನಡೆಸಿದಳು. ಮಾರುವ ಕಾಲ ಬಂದಾಗ ಆಕೆ ಹೆಚ್ಚು ಹಣದ ಆಸೆಗೆ ಸಾಮಾನುಗಳನ್ನು ಬಿಡಿಬಿಡಿಯಾಗಿ ಹರಾಜು ಹಾಕಲಿಲ್ಲ. 1965ರ ಕಾನೂನಿನಂತೆ ರಾಷ್ಟ್ರೀಯ ಉದ್ಯಾನ ಇಲಾಖೆ 1967ರಲ್ಲಿ ಮನೆ, ಕೊಟ್ಟಿಗೆ, ಅಂಗಡಿ, ಒಳಗಿನ ಸಾಮಾನು ಎಲ್ಲವನ್ನೂ ಕೊಂಡಿತು. ಬೀಗ ಹಾಕಿದ ವಸ್ತುಸಂಗ್ರಹಾಲಯವಾಗುವುದು ಬೇಡ, ವ್ಯಾಪಾರ ನಡೆಯುತ್ತಲೇ ಇರಲಿ ಎಂಬ ತೀರ್ಮಾನವೂ ಆಯಿತು. ಇಂಥ ವಿವೇಕ ಸರ್ಕಾರಗಳಿಗೆ ಅಪರೂಪಕ್ಕೆ ಹೊಳೆಯುತ್ತದೆ, ಹೊಳೆದಾಗ ಮೆಚ್ಚಬೇಕು.

ಆ ಅಂಗಡಿಯ ಜಮಖಾನದ ಕೋಣೆಯ ಗೋಡೆಯ ಮೇಲೆ ಪುಟ್ಟಪುಟ್ಟ ಚಿತ್ರಗಳ ಸಾಲಿದೆ. ಇಂಥದ್ದೊಂದು ನೇಯ್ದು ಕೊಡಿ ಎಂದು ತೋರಿಸಲು ಹಬೆಲ್ ಹಳೆಯ ಕಂಬಳಿಗಳ ವಿನ್ಯಾಸವನ್ನು ಚಿತ್ರಕಾರರಿಂದ ಬರೆಸಿದ್ದ. ಬರೆದವರಲ್ಲಿ ಒಬ್ಬನಾದ ಎಲ್ಬ್ರಿಜ್ ಏಯರ್ ಬರ್ಬ್ಯಾಂಕ್‌ನ ಹೆಸರು ನಮಗೆ ಗೊತ್ತು. ಚಿತ್ರದಲ್ಲಿರುವ ಕಂಬಳಿಯನ್ನು ಮೊದಲು ನೇಯ್ದವಳ ಹೆಸರು ಬಹುಪಾಲು ಎಲ್ಲೂ ಇಲ್ಲ. ಅಂಗಡಿಗಳ ಲೆಕ್ಕದಲ್ಲೂ ಗಿರಾಕಿಗಳು ಎಷ್ಟೋ ಸಲ ಅಡ್ಡಹೆಸರಿನಲ್ಲಿ, ಇಂಥವನ ಅಳಿಯ, ಇಂಥವನ ಹೆಂಡತಿ ಎಂಬಂತೆ ಬರುತ್ತಾರೆ. ಪುಸ್ತಕ ಬರೆದದ್ದು ಅಂಗಡಿಯವನು. ಅವನಿಗೆ ಬರಬೇಕಾದ ಬಾಕಿಯಷ್ಟೇ ಅದರಲ್ಲಿ ದಾಖಲಾಯಿತು. ಅವನು ಕೊಡಬೇಕಾಗಿದ್ದದ್ದನ್ನು ಬರೆಯುವವರು ಯಾರೂ ಇರಲಿಲ್ಲ. ಗಡಿನಾಡಿನ ಅಂಗಡಿಯ ಚರಿತ್ರೆಯನ್ನು ನಾವು ಇನ್ನು ಮೇಲೆ ಓದುವುದಾದರೆ ಆ ಬರೆಯದ ಬದಿಯನ್ನೂ ಸೇರಿಸಿಯೇ ಓದಬೇಕು, ನನಗೆ ಹೇಳಬೇಕಾಗಿರುವುದು ಇಷ್ಟೇ.

ಆ ಬಾಕಿ ಸ್ವಲ್ಪಸ್ವಲ್ಪವಾಗಿ ತೀರುತ್ತಿದೆ ಎನ್ನುವುದು ಸಮಾಧಾನದ ಸಂಗತಿ. ಈಗ ಆ ಅಂಗಡಿಯಲ್ಲಿ ಮಾರಾಟಕ್ಕಿಟ್ಟ ಜಮಖಾನಗಳಿಗೆ ನೇಯ್ದವರ ಹೆಸರು ಬರೆದ ಚೀಟಿ ಇರುತ್ತದೆ. ಅಮೆರಿಕದಲ್ಲಿರುವ ನಮ್ಮವರು ಮಕ್ಕಳನ್ನು ಕಟ್ಟಿಕೊಂಡು ಗ್ರ್ಯಾಂಡ್ ಕ್ಯಾನ್ಯನ್ ನೋಡಲು ಹೋಗುವುದುಂಟು. ಇನ್ನೊಂದು ದಿನ ಬಿಡುವು ಮಾಡಿಕೊಂಡು ಗನಾಡೋ ತನಕ ಹೋಗಿಬನ್ನಿ. ಕೊಳ್ಳುವುದು ಬಿಡುವುದು ನಿಮ್ಮ ಜೇಬಿಗೆ ಬಿಟ್ಟದ್ದು. ಚೀಟಿಯ ಮೇಲಿನ ಹೆಸರನ್ನು ಮಾತ್ರ ಮಕ್ಕಳಿಂದ ಗಟ್ಟಿಯಾಗಿ ಓದಿಸಿ.